ನಿಮಗಿದು ಗೊತ್ತೇ? ಪರ್ಷಿಯಾದ ರಾಣಿಯರು, ನಮ್ಮ ಗೋಗಿಯ ಗೋರಿಗಳು

ಪರ್ಷಿಯಾದ ರಾಣಿವಾಸ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮುಸುಕು, ಅತ್ತರು, ಗುಲಾಬಿ ತೋಟ, ಒರಗುದಿಂಬು? ಸ್ವಲ್ಪ ತಾಳಿ. ಬಿಲ್ಲು ಹಿಡಿದು ಮಾಳಿಗೆ ಹತ್ತಿದವಳಿದ್ದಾಳೆ. ಮಗನ ಹೆಣವನ್ನು ಎಲ್ಲರಿಗೂ ಕಾಣುವಂತೆ ಇರಿಸಿ ಸೈನ್ಯವನ್ನೇ ಏಮಾರಿಸಿದವಳಿದ್ದಾಳೆ. ಒಂದೇ ಚಾಕುವಿನಿಂದ ತಾನೂ ಉಂಡು, ಸೊಸೆಯನ್ನು ಮಾತ್ರ ಕೊಂದ ಅತ್ತೆಯೂ ಇದ್ದಾಳೆ! ಇನ್ನೊಂದು ಮಾತು. ಇವರ ಕಥೆಯ ಒಂದು ತುದಿ ಇರುವುದು ಇರಾನಿನಲ್ಲಲ್ಲ, ನಮ್ಮ ಶಹಾಪುರ ತಾಲೂಕಿನಲ್ಲಿ!

ಮೊದಲು ಹೆಸರಿನ ಗಮ್ಮತ್ತು ಕೇಳಿ. ನಮ್ಮ ಶಹಾಪುರದ ‘ಪುರ’ ಅಂದರೆ ಊರು. ಪರ್ಷಿಯಾದಲ್ಲಿ ಶಾಪುರ್ ಎಂಬ ಹೆಸರಿನ ಮೂವರು ಸಾಸಾನಿ ದೊರೆಗಳು ಆಗಿಹೋದರು. ಅಲ್ಲಿಯ ‘ಪುರ್’ ಅಂದರೆ ಊರಲ್ಲ, ಮಗ! ನಮ್ಮ ‘ಪುತ್ರ’ನ ಖಾಸಾ ಸಂಬಂಧಿ. ಶಾಪುರ್ ಅಂದರೆ ರಾಜನ ಮಗ.

ಅವರಲ್ಲಿ ಎರಡನೆಯ ಶಾಪುರ್ ಹುಟ್ಟುವ ಮೊದಲೇ ರಾಜನಾದನಂತೆ! ಅಪ್ಪ ಸತ್ತಾಗ ಈತ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ಆಸ್ಥಾನದ ಹಿರಿಯರು ಬಸುರಿ ರಾಣಿಯ ಹೊಟ್ಟೆಯ ಮೇಲೆ ಕಿರೀಟ ಇಟ್ಟರೆಂದು ಕಥೆ. ಇದು 309ನೇ ಇಸವಿಯ ಮಾತು. ಮುಂದೆ ಆತ 70 ವರ್ಷ ಆಳಿದ. ಹೊಟ್ಟೆಯಲ್ಲಿರುವುದು ಹೆಣ್ಣಾಗಿದ್ದರೆ? ಆ ಪ್ರಶ್ನೆ ಯಾರೂ ಕೇಳಿದಂತಿಲ್ಲ.

ಹೆಣ್ಣು ಪಟ್ಟಕ್ಕೆ ಬಂದದ್ದೂ ಉಂಟು. 630ರಲ್ಲಿ ಬೋರಾನ್ ಎಂಬ ರಾಜಕುಮಾರಿ ಪರ್ಷಿಯಾದ ಸಿಂಹಾಸನ ಏರಿದಳು. ತನ್ನದೇ ಮುಖ ಅಚ್ಚು ಹಾಕಿಸಿದ ನಾಣ್ಯ ಹೊರಡಿಸಿದಳು. ಆಮೇಲೆ ಅವಳ ತಂಗಿ ಆಜರ್ಮಿದುಖ್ತ್ ಕೂಡ ರಾಣಿಯಾದಳು. ಅಕ್ಕತಂಗಿಯರಿಬ್ಬರೂ ಸಾಮ್ರಾಜ್ಞಿಯರು!

ಇನ್ನೂ ಸಾವಿರ ವರ್ಷ ಹಿಂದೆ ಹೋಗೋಣ. ಅಂದಿನ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನ ಅರಮನೆಯ ಗೋಡೆ ತುಂಬ ನೂರಾರು ಕಲ್ಲಿನ ಮೂರ್ತಿಗಳು. ಸೈನಿಕರು, ಕಪ್ಪ ತಂದವರು, ಒಂಟೆ, ಹೋರಿ, ಟಗರು ಎಲ್ಲ ಇವೆ. ಒಬ್ಬಳೇ ಒಬ್ಬ ಹೆಂಗಸಿಲ್ಲ! ಹುಡುಕಿದರೆ ಸಿಗುವ ಹೆಣ್ಣುಜೀವ ಒಂದೇ, ಕಪ್ಪದ ಸಾಲಿನಲ್ಲಿ ಬರುವ ಒಂದು ಹೆಣ್ಣು ಸಿಂಹ!

ಕಲ್ಲು ಮುಚ್ಚಿಟ್ಟದ್ದನ್ನು ಮಣ್ಣು ಹೇಳಿಬಿಟ್ಟಿತು. 1933ರಲ್ಲಿ ಅಲ್ಲೇ ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ನೋಡಿದರೆ ಒಣಗಿದ ಬೆರಣಿಯ ಚೂರಿನಂತೆ. ಮೇಲೆ ಮೊಳೆ ಒತ್ತಿದಂಥ ಅಕ್ಷರ. ಏನಿತ್ತು ಗೊತ್ತೇ ಅದರಲ್ಲಿ? ರಾಜನ ಹೊಗಳಿಕೆಯಲ್ಲ, ಉಗ್ರಾಣದ ಲೆಕ್ಕ! ಯಾರಿಗೆ ಎಷ್ಟು ಜವೆ, ಎಷ್ಟು ಹಿಟ್ಟು, ಎಷ್ಟು ದ್ರಾಕ್ಷಾರಸ ಅಂತ.

ಆ ಲೆಕ್ಕದಲ್ಲಿ ರಾಣಿ ಆರ್ಟಿಸ್ಟೋನ್ ಸಿಕ್ಕಿಬಿದ್ದಳು. ಸೈರಸ್ ಮಹಾರಾಜನ ಮಗಳು, ಪರ್ಷಿಯಾದ ದೊರೆ ಡೇರಿಯಸ್‌ನ ಮೆಚ್ಚಿನ ಹೆಂಡತಿ. ಅವಳಿಗೆ ನೂರು ಕುರಿ ಕೊಡಿ ಎಂದು ದೊರೆಯ ಹುಕುಂ ಒಂದು ಹಲಗೆಯಲ್ಲಿ. ಇನ್ನೊಂದರಲ್ಲಿ ಸುಮಾರು ಎರಡು ಸಾವಿರ ಲೀಟರ್ ದ್ರಾಕ್ಷಾರಸ. ಏನು ಊಟ ಹಾಕಿಸಿದಳೋ! ನಮ್ಮ ಕಡೆ ಮದುವೆಗೆ ಎರಡು ಕ್ವಿಂಟಲ್ ಅಕ್ಕಿ ಹಾಕಿದರೇ ವರ್ಷವಿಡೀ ಹೇಳಿಕೊಳ್ಳುತ್ತೇವೆ.

ಇರ್ದಬಾಮಾ ಎಂಬ ಅರಮನೆಯ ಹೆಂಗಸಿನ ಕೈಕೆಳಗೆ ಒಂದೇ ಕಡೆ 480 ಆಳುಗಳಿದ್ದರು. ಅವಳಿಗೆ ಸ್ವಂತ ಮುದ್ರೆ, ಸ್ವಂತ ಜಮೀನು. ಗಂಡನ ಸಹಿ ಬೇಕಾಗಿರಲಿಲ್ಲ. ಮುದ್ರೆ ಒತ್ತಿದರೆ ಉಗ್ರಾಣದ ಬಾಗಿಲು ತೆರೆಯುತ್ತಿತ್ತು!

ಅದೇ ಲೆಕ್ಕದಲ್ಲಿ ಬಾಣಂತಿಯರಿಗೆ ವಿಶೇಷ ಪಡಿಯೂ ಉಂಟು. ಎರಡೂವರೆ ಸಾವಿರ ವರ್ಷದ ಹಿಂದೆ ಹೆರಿಗೆ ಭತ್ಯೆ! ಶಹಬ್ಬಾಸ್ ಅನ್ನುವಷ್ಟರಲ್ಲಿ ಮುಂದಿನ ಸಾಲು ಓದಿ. ಗಂಡು ಹೆತ್ತರೆ ಪೂರ್ತಿ, ಹೆಣ್ಣು ಹೆತ್ತರೆ ಅರ್ಧ. ಈ ಬುದ್ಧಿ ಎಷ್ಟು ಹಳೆಯದು ನೋಡಿ.

ಗ್ರೀಕರ ಮೇಲೆ ಪರ್ಷಿಯಾ ಕಣ್ಣು ಹಾಕಿದ್ದು ರಾಣಿಯ ಎದೆಯ ಮೇಲಿನ ಕುರುವಿನಿಂದಂತೆ! ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಕಥೆ ಇದು. ಡೇರಿಯಸ್‌ನ ರಾಣಿ ಅಟೋಸ್ಸಾಗೆ ಎದೆಯಲ್ಲಿ ಕುರು ಎದ್ದಿತು. ನಾಚಿಕೆಯಿಂದ ಮುಚ್ಚಿಟ್ಟಳು. ಜೋರಾದಾಗ ಡೆಮೊಸೀಡಿಸ್ ಎಂಬ ಗ್ರೀಕ್ ವೈದ್ಯನನ್ನು ಕರೆಸಿದಳು. ಆತ ಸೆರೆಯಾಳು, ಊರಿಗೆ ಓಡುವ ತವಕ. ವಾಸಿ ಮಾಡಿದರೆ ಕೇಳಿದ್ದು ಕೊಡಬೇಕು ಎಂದು ಆಣೆ ಹಾಕಿಸಿಕೊಂಡ. ವಾಸಿಯಾಯಿತು. ಗ್ರೀಸಿನ ಮೇಲೆ ದಂಡೆತ್ತಿ ಹೋಗೆಂದು ಆಕೆ ಗಂಡನ ಕಿವಿಯಲ್ಲಿ ಊದಿದಳು. ದಾರಿ ತೋರಿಸಲು ಹೊರಟ ವೈದ್ಯ ಅಲ್ಲಿಂದಲೇ ಪರಾರಿ!

ರಾಣಿಯ ಡಾಬಿನ ಖರ್ಚಿಗೆ ಊರಿಗೆ ಊರೇ ಬರೆದುಕೊಟ್ಟದ್ದು ಕೇಳಿದ್ದೀರಾ? ರಾಣಿ ಪರಿಸಾಟಿಸ್‌ಗೆ ಅವಳ ನಡುಪಟ್ಟಿಗೆಂದೇ ಹಳ್ಳಿಗಳು ಉಂಬಳಿಯಾಗಿದ್ದವು ಎಂದು ಗ್ರೀಕ್ ಲೇಖಕ ಝೆನೊಫೋನ್ ಬರೆದಿದ್ದಾನೆ. ಆ ಹಳ್ಳಿಗಳನ್ನು ಆತ ಕಣ್ಣಾರೆ ನೋಡಿಕೊಂಡು ಬಂದವನು.

ಚಾಕುವಿನ ಅತ್ತೆ ಇವಳೇ! ಸೊಸೆ ಸ್ಟಟೈರಾಗೂ ಇವಳಿಗೂ ಆಗಿಬರುತ್ತಿರಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ವಿಷದ ಭಯಕ್ಕೆ. ಒಂದು ದಿನ ಊಟಕ್ಕೆ ಒಂದು ಪುಟ್ಟ ಹಕ್ಕಿ ಬಂತು. ಚಾಕುವಿನ ಒಂದೇ ಮಗ್ಗುಲಿಗೆ ವಿಷ ಸವರಿತ್ತು. ನಡುವೆ ಕತ್ತರಿಸಿ, ವಿಷ ತಾಗದ ಅರ್ಧವನ್ನು ಅತ್ತೆ ಬಾಯಿಗಿಟ್ಟುಕೊಂಡಳು. ಇನ್ನರ್ಧ ಸೊಸೆಗೆ. ಕಣ್ಣೆದುರೇ ಅತ್ತೆ ತಿನ್ನುತ್ತಿರುವಾಗ ಸಂಶಯ ಎಲ್ಲಿಂದ? ಈ ಕಥೆಯನ್ನು ಹೊರಗೆ ಹಾಕಿದವನು ಅದೇ ಅರಮನೆಯ ವೈದ್ಯ, ಕ್ಟೀಸಿಯಸ್. ಸ್ವಲ್ಪ ಮಸಾಲೆ ಹಾಕುವ ಚಾಳಿ ಅವನಿಗಿತ್ತು, ಅಷ್ಟು ನೆನಪಿರಲಿ.

ಅಲೆಕ್ಸಾಂಡರ್ ಸತ್ತಾಗ ಅನ್ನನೀರು ಬಿಟ್ಟು ಪ್ರಾಣ ತೊರೆದವಳು ಯಾರು? ಅವನ ತಾಯಿಯಲ್ಲ. ಅವನ ಕೈಲಿ ಸೋತ ಮೂರನೆಯ ಡೇರಿಯಸ್‌ನ ತಾಯಿ, ಸಿಸಿಗಾಂಬಿಸ್! ಆತ ಅವಳನ್ನು ‘ಅಮ್ಮಾ’ ಎಂದೇ ಕರೆಯುತ್ತಿದ್ದ.

ಈಗ ಶಹಾಪುರದ ಬಸ್ಸು ಹತ್ತಿ, ಗೋಗಿಗೆ ಹೋಗೋಣ.

ಗೋಗಿ ಅಂದರೆ ಈಚೆಗೆ ಯುರೇನಿಯಂ ನೆನಪಾಗುತ್ತದೆ. ಆದರೆ ವಿಜಯಪುರದ ಆದಿಲ್ ಶಾಹಿ ಸುಲ್ತಾನರಲ್ಲಿ ಮೊದಮೊದಲಿನವರು ಮಲಗಿರುವುದು ವಿಜಯಪುರದಲ್ಲಲ್ಲ, ಇಲ್ಲೇ, ಚಂದಾ ಹುಸೇನಿ ದರ್ಗಾದ ಆವರಣದಲ್ಲಿ! ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಮೊದಲನೆಯ ಇಬ್ರಾಹಿಂ. ಗೋಲಗುಮ್ಮಟ ಕಟ್ಟಿದ ಮನೆತನದ ಮೂಲಪುರುಷನಿಗೆ ನಮ್ಮ ಹಳ್ಳಿಯ ಮಣ್ಣೇ ಬೇಕಾಯಿತು.

ಯೂಸುಫ್ ಬಂದದ್ದು ಪರ್ಷಿಯಾದ ಸಾವಾ ಪಟ್ಟಣದಿಂದ. ಅವನು ಬದುಕಿದ್ದೇ ತಾಯಿಯ ಚಾಲಾಕಿನಿಂದ ಎನ್ನುತ್ತಾನೆ ಇತಿಹಾಸಕಾರ ಫೆರಿಸ್ತಾ. ಆ ಕಥೆಯಂತೆ ಯೂಸುಫ್ ತುರ್ಕಿ ಸುಲ್ತಾನನ ಮಗ. ಅಣ್ಣ ಪಟ್ಟಕ್ಕೆ ಬಂದ ಕೂಡಲೇ ತಮ್ಮನ ಕುತ್ತಿಗೆ ಹಿಚುಕಲು ಹುಕುಂ ಹೊರಟಿತು. ತಾಯಿ ಒಂದೇ ದಿನದ ಗಡುವು ಬೇಡಿದಳು. ಆ ರಾತ್ರಿ ಅದೇ ಚಹರೆಯ ಗುಲಾಮ ಹುಡುಗನನ್ನು ಕೊಂಡು ತಂದು, ಮಗನನ್ನು ಸಾವಾದ ವ್ಯಾಪಾರಿಯ ಕೈಗಿತ್ತಳು. ಇದೆಲ್ಲ ನಿಜವೇ ಎಂದು ಪಂಡಿತರು ತಲೆ ಅಲ್ಲಾಡಿಸುತ್ತಾರೆ. ನನಗಂತೂ ಆ ಬದಲಿ ಹುಡುಗನದೇ ಚಿಂತೆ.

ಯೂಸುಫ್‌ನ ಹೆಂಡತಿ ಮರಾಠಾ ಸರದಾರ ಮುಕುಂದರಾವನ ತಂಗಿ. ಅರಮನೆಯಲ್ಲಿ ಅವಳ ಹೆಸರು ಬೂಬೂಜಿ ಖಾನಂ. ಪರ್ಷಿಯಾದ ಆಸ್ಥಾನ, ದಖನ್ನಿನ ಸೊಸೆ!

1510ರಲ್ಲಿ ಯೂಸುಫ್ ಸತ್ತ. ಮಗ ಇಸ್ಮಾಯಿಲ್ ಇನ್ನೂ ಹುಡುಗ. ರಾಜಪ್ರತಿನಿಧಿ ಕಮಾಲ್ ಖಾನ್ ತಾನೇ ಸುಲ್ತಾನನಾಗಲು ಹೊಂಚು ಹಾಕಿದ. ಬೂಬೂಜಿ ಏನು ಮಾಡಿದಳು ಗೊತ್ತೇ? ನಂಬಿಕಸ್ಥ ಯೂಸುಫ್ ತುರ್ಕನನ್ನು ಅವನ ಬಳಿ ಕಳಿಸಿದಳು. ಮೆಕ್ಕಾಕ್ಕೆ ಹೊರಟಿದ್ದೇನೆ, ತಮ್ಮ ಕೈಯಿಂದ ವೀಳ್ಯ ಕೊಟ್ಟು ಬೀಳ್ಕೊಡಿ ಎಂದು ಆತ ಬೇಡಿದ. ಕಮಾಲ್ ಖಾನ್ ವೀಳ್ಯ ಹಿಡಿದು ಕೈಚಾಚಿದ. ಎದೆಗೆ ಕಠಾರಿ ಬಿತ್ತು! ವೀಳ್ಯ ತಗೊಂಡವನು ಅಲ್ಲೇ ಕಾವಲುಗಾರರ ಕೈಲಿ ಹತನಾದ.

ಕಮಾಲ್ ಖಾನನ ತಾಯಿ ಏನು ಕಡಿಮೆಯೇ! ಅತ್ತು ಕರೆಯಲಿಲ್ಲ. ಮಗನ ಹೆಣವನ್ನು ಎಲ್ಲರಿಗೂ ಕಾಣುವಂತೆ ಮೇಲೆ ಇರಿಸಿದಳು. ಕೆಳಗೆ ನಿಂತ ಸೈನಿಕರಿಗೆ ಧಣಿ ಬದುಕಿದ್ದಾನೆ ಎಂದೇ ಕಂಡಿತು. ಮೊಮ್ಮಗ ಸಫ್ದರ್ ಖಾನನಿಗೆ ಹೇಳಿದಳು, ಹೋಗು, ಅರಮನೆ ಹಿಡಿ!

ಈಗ ಬರುತ್ತಾಳೆ ದಿಲ್ಶಾದ್ ಆಗಾ. ಇಸ್ಮಾಯಿಲನ ಸೋದರತ್ತೆ ಎಂಬಂತಿದ್ದವಳು, ಪರ್ಷಿಯಾದಿಂದಲೇ ಬಂದವಳು. ಹೊರಗೆ ಸೈನ್ಯ, ಒಳಗೆ ಬೆರಳೆಣಿಕೆಯ ಕಾವಲು. ಇವಳು ಗಂಡುಡುಗೆ ತೊಟ್ಟಳು, ಕವಚ ಬಿಗಿದಳು, ಬಿಲ್ಲು ಬತ್ತಳಿಕೆ ಹಿಡಿದು ಮಾಳಿಗೆ ಹತ್ತಿದಳು. ಬೂಬೂಜಿಯೂ ಜೊತೆಗೆ ನಿಂತಳು. ಮರಾಠಾ ಅತ್ತಿಗೆ, ಪರ್ಷಿಯಾದ ನಾದಿನಿ, ಇಬ್ಬರೂ ಒಂದೇ ಮಾಳಿಗೆಯ ಮೇಲೆ! ಮೇಲಿಂದ ಬಾಣದ ಮಳೆ. ಸಹಾಯಕ್ಕೆ ಬಂದ ಬಂದೂಕಿನವರನ್ನು ಹಗ್ಗ ಇಳಿಬಿಟ್ಟು ಗೋಡೆಯ ಮೇಲೆ ಎಳೆದುಕೊಂಡರು. ಅಷ್ಟರಲ್ಲಿ ಸಫ್ದರ್ ಖಾನ್ ಬಾಗಿಲು ಒಡೆದು ಒಳಗೆ ನುಗ್ಗಿದ. ನುಗ್ಗಿದವನ ಕಣ್ಣಿಗೆ ಒಂದು ಬಾಣ ನಾಟಿತು. ಓಡಿ ಒಂದು ಗೋಡೆಯ ಮರೆಗೆ ಕುಂತ. ನಸೀಬು ನೋಡಿ, ಆ ಗೋಡೆಯ ಮೇಲೇ ನಿಂತಿದ್ದ ಬಾಲಕ ಸುಲ್ತಾನ! ತಾಯಿ ಕಣ್ಸನ್ನೆ ಮಾಡಿದಳು. ಹುಡುಗ ಕಲ್ಲು ಉರುಳಿಸಿದ. ಅಲ್ಲಿಗೆ ಮುಗಿಯಿತು. ಗೋಗಿಯಲ್ಲಿ ಇಸ್ಮಾಯಿಲನ ಗೋರಿ ನೋಡುವಾಗ ಆ ಕಲ್ಲು ನೆನಪಿರಲಿ!

ಇಸ್ಮಾಯಿಲ್ ದೊಡ್ಡವನಾದ ಮೇಲೂ ದಖನಿ ಮಾತು ಆಡುತ್ತಿದ್ದದ್ದು ಅಪರೂಪ. ಫಾರಸಿ, ತುರ್ಕಿ ಅಂದರೇ ಅವನಿಗೆ ಪ್ರೀತಿ. ಕಾರಣ? ಸಾಕಿದ್ದು ದಿಲ್ಶಾದ್ ಆಗಾ! ಅತ್ತೆಯ ತೊಡೆಯ ಮೇಲೆ ಕಲಿತ ಭಾಷೆ ಸುಲ್ತಾನನ ನಾಲಿಗೆ ಬಿಡಲಿಲ್ಲ.

ಮುಂದೆ ಅವನ ಮಗ ಇಬ್ರಾಹಿಂ ಬಂದದ್ದೇ ಲೆಕ್ಕಪತ್ರದಿಂದ ಫಾರಸಿ ತೆಗೆದು ನಾಡಮಾತು ತಂದ. ಅವನನ್ನು ಪಟ್ಟಕ್ಕೆ ತಂದವಳು ಅದೇ ಅಜ್ಜಿ ಬೂಬೂಜಿ! 1534ರಲ್ಲಿ ಪಟ್ಟವೇರಿದ್ದ ದೊಡ್ಡ ಮೊಮ್ಮಗ ಮಲ್ಲು ಪೋಲಿಯಾಗಿದ್ದ. ಕೆಲವೇ ತಿಂಗಳಲ್ಲಿ ಅಜ್ಜಿ ಅವನನ್ನು ಇಳಿಸಿದಳು. ಇಳಿಸಿ ಸುಮ್ಮನಾಗಲಿಲ್ಲ, ಕಣ್ಣನ್ನೂ ಕೀಳಿಸಿದಳು. ಅಜ್ಜಿಯ ಮುದ್ದು ಅಂದರೆ ಇದಲ್ಲ ಬಿಡಿ.

ಪಕ್ಕದ ಅಹಮದನಗರದ ರಾಣಿ ಖುಂಜಾ ಹುಮಾಯೂನಳ ಚಿತ್ರವನ್ನು ಉಜ್ಜಿ ಅಳಿಸಿದ್ದಾರೆ! ಗಂಡ ಹುಸೇನ್ ನಿಜಾಮ್ ಶಾಹನ ಹೊಗಳಿಕೆಗೆ ಬರೆಸಿದ ಫಾರಸಿ ಹಸ್ತಪ್ರತಿ ಪುಣೆಯಲ್ಲಿದೆ. ಸಿಂಹಾಸನದ ಮೇಲೆ ದೊರೆಯ ಮಗ್ಗುಲಲ್ಲಿ ಒಂದು ಮಸಿ ಮಸಿ ಆಕೃತಿ. ಗಂಡ ಸತ್ತ ಮೇಲೆ ರಾಜ್ಯ ಆಳಿದವಳು ಇವಳು. ಮಗನೇ ಸೆರೆಗೆ ಹಾಕಿಸಿದ. ಚಿತ್ರದಲ್ಲಿ ಅವಳನ್ನು ಒರೆಸಿದ ಕೈ ಮಾತ್ರ ಜಾಣ ಕೈಯಲ್ಲ. ಒರೆಸಿದ ಗುರುತೇ ಈಗ ಎಲ್ಲರ ಕಣ್ಣಿಗೆ ಬೀಳುವುದು!

ಆ ಖುಂಜಾ ಹುಮಾಯೂನಳ ಮಗಳೇ ಚಾಂದಬೀಬಿ. ವಿಜಯಪುರದ ಮೊದಲನೆಯ ಅಲಿ ಆದಿಲ್ ಶಾಹನಿಗೆ ಕೊಟ್ಟರು. ವರದಕ್ಷಿಣೆ ಏನು ಗೊತ್ತೇ? ಸೊಲ್ಲಾಪುರದ ಕೋಟೆ! ಆ ಬೀಗತನ ಗಟ್ಟಿಯಾದದ್ದೇ ತಡ, 1565ರಲ್ಲಿ ರಕ್ಕಸಗಿ ತಂಗಡಗಿ ಯುದ್ಧ. ವಿಜಯನಗರ ಬಿತ್ತು. ಅವಳ ಹೆಸರಿನ ಚಾಂದ ಬಾವಡಿ ಈಗಲೂ ವಿಜಯಪುರದಲ್ಲಿದೆ. ಫಾರಸಿ, ಅರಬಿ, ತುರ್ಕಿ, ಮರಾಠಿ ಎಲ್ಲ ಬಲ್ಲವಳು. ಕನ್ನಡವೂ ಬರುತ್ತಿತ್ತೆಂದು ಹೇಳುತ್ತಾರೆ!

1596ರಲ್ಲಿ ಮೊಗಲರು ಅವಳ ತವರು ಅಹಮದನಗರದ ಕೋಟೆಗೋಡೆ ಸಿಡಿಸಿದರು. ಗಂಡಸರು ಓಡತೊಡಗಿದಾಗ ಇವಳು ಮುಸುಕು ಹಾಕಿ, ಕತ್ತಿ ಹಿರಿದು ಬಿರುಕಿನಲ್ಲಿ ನಿಂತಳು. ರಾತ್ರೋರಾತ್ರಿ ಗೋಡೆ ಮತ್ತೆ ಎದ್ದಿತು! ಗುಂಡು ಮುಗಿದಾಗ ತಾಮ್ರದ, ಆಮೇಲೆ ಬೆಳ್ಳಿಯ, ಕೊನೆಗೆ ಚಿನ್ನದ ನಾಣ್ಯ ತುಂಬಿ ತೋಪು ಹಾರಿಸಿದಳೆಂದು ಜನ ಹೇಳುತ್ತಾರೆ. 1600ರಲ್ಲಿ ಅವಳನ್ನು ಕೊಂದವರು ಮೊಗಲರಲ್ಲ, ಅವಳ ಕಡೆಯವರೇ.

ಇದರಲ್ಲಿ ಬಹಳಷ್ಟನ್ನು ಬರೆದಿಟ್ಟ ಫೆರಿಸ್ತಾ ಒಂದು ದಿಬ್ಬಣದ ಜೊತೆಗೂ ಹೋಗಿದ್ದ. 1604ರಲ್ಲಿ ವಿಜಯಪುರದ ರಾಜಕುಮಾರಿಯನ್ನು ಅಕ್ಬರನ ಮಗ ದಾನಿಯಾಲ್‌ಗೆ ಒಪ್ಪಿಸಿಬಂದ. ವರ ಮಹಾ ಕುಡುಕ. ಕುಡಿತ ಬಂದ್ ಮಾಡಿಸಿದರೆ ಬಂದೂಕಿನ ನಳಿಗೆಯಲ್ಲಿ ಕದ್ದು ತರಿಸಿಕೊಂಡ. ತುಕ್ಕು, ಮದ್ದು ಬೆರೆತ ಆ ಸಾರಾಯಿ ಕುಡಿದೇ ಸತ್ತ. ಆ ಬಂದೂಕಿಗೆ ಅವನೇ ಇಟ್ಟಿದ್ದ ಹೆಸರಿನಲ್ಲಿ ‘ಜನಾಜಾ’ ಎಂಬ ಮಾತಿತ್ತು. ಜನಾಜಾ ಅಂದರೆ ಚಟ್ಟ!

ಗೋಲಗುಮ್ಮಟದ ಮಹಮ್ಮದ್ ಆದಿಲ್ ಶಾಹನ ರಾಣಿ ಖದೀಜಾ ಸುಲ್ತಾನಾ, ಜನರ ಬಾಯಲ್ಲಿ ಬಡೀ ಸಾಹಿಬಾ. ಒಂದು ದೊಡ್ಡ ಫಾರಸಿ ಕಾವ್ಯವನ್ನು ದಖನಿಗೆ ತಾ ಎಂದು ಕವಿ ರುಸ್ತಮಿಗೆ ಹೇಳಿದಳು. 1649ರಲ್ಲಿ ‘ಖಾವರನಾಮಾ’ ಸಿದ್ಧ. ಸುಮಾರು 24 ಸಾವಿರ ದ್ವಿಪದಿ! ಗಂಡ ಸತ್ತ ಮೇಲೆ ಡಚ್ಚರ ಹಡಗು ಹತ್ತಿ ಮೆಕ್ಕಾ ಯಾತ್ರೆಯನ್ನೂ ಮಾಡಿ ಬಂದಳು.

ಇಲ್ಲಿಂದ ಸುರಪುರಕ್ಕೆ ಬನ್ನಿ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡಿದ್ದೀರಲ್ಲ? 1841ರಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಕಾದಂಬರಿಕಾರನೂ ಹೌದು. ಅವನ ‘ಎ ನೋಬಲ್ ಕ್ವೀನ್’ ಅಚ್ಚಾದದ್ದು 1878ರಲ್ಲಿ. ಯಾರು ಆ ಕ್ವೀನ್? ನಮ್ಮ ಚಾಂದಬೀಬಿಯೇ! ಕಥೆಯಲ್ಲಿ ಬೇಡರ ನಾಯಕನೂ ಬರುತ್ತಾನೆ.

ಇನ್ನೂ ಸೋಜಿಗ ಬೇಕೇ? ಟೇಲರ್‌ನ ಹೆಂಡತಿ ಮೇರಿ ಪಾಮರ್. ಅವಳ ಅಜ್ಜಿ ಬೀಬಿ ಫೈಜ್ ಬಖ್ಶ್, ಪರ್ಷಿಯಾ ಮೂಲದ ಕುದುರೆದಳದ ಅಧಿಕಾರಿಯ ಮಗಳು. ಮೊಗಲ ಬಾದಶಹ ಶಾ ಆಲಂ ಆಕೆಗೆ ‘ಸಾಹಿಬ್ ಬೇಗಂ’ ಎಂಬ ಬಿರುದು ಕೊಟ್ಟಿದ್ದ! ಮಕ್ಕಳ ನಡುವೆ ಆಕೆ ಕೂತಿರುವ ವರ್ಣಚಿತ್ರ ಲಂಡನ್ನಿನಲ್ಲಿದೆ.

ಟೇಲರ್ ಸುರಪುರಕ್ಕೆ ಬಂದಾಗ ಎದುರು ನಿಂತವಳು ರಾಣಿ ಈಶ್ವರಮ್ಮ. ಗಂಡ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಚಿಕ್ಕವನು. ಅವಳ ಗದ್ದುಗೆಗೆ ಮೇಲಧಿಕಾರ ಹೈದರಾಬಾದಿನದು. ಅಲ್ಲಿಯ ಕಚೇರಿಯ ಭಾಷೆ 1880ರ ದಶಕದವರೆಗೂ ಯಾವುದು ಹೇಳಿ? ಫಾರಸಿ! ಬೇಡರ ರಾಣಿಯ ಹಣೆಬರಹ ಕೂಡ ದೂರದ ದಫ್ತರಿನಲ್ಲಿ ಫಾರಸಿಯಲ್ಲೇ ಬರೆಯಲ್ಪಡುತ್ತಿತ್ತು.

ಈಶ್ವರಮ್ಮ ಒಮ್ಮೆ ಕಾಯಿಲೆ ಬಿದ್ದಳು. ಬದುಕುವುದಿಲ್ಲ ಅನ್ನಿಸಿ ಟೇಲರ್‌ನನ್ನು ಕರೆಸಿ, ಒಂದು ಪೆಟ್ಟಿಗೆ ತೆಗೆಸಿದಳು. ಒಳಗೆ ಮಗನ ಜಾತಕ. ಹುಡುಗ 24ನೇ ವರ್ಷ ದಾಟುವುದಿಲ್ಲ ಎಂದಿತ್ತಂತೆ. ತಾಯಿ ಹುಡುಗನಿಗೇ ಹೇಳದೆ ವರ್ಷಗಟ್ಟಲೆ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ಎದ್ದು ಸೆರೆಸಿಕ್ಕ. ಮರಣದಂಡನೆ ಇಳಿದು ಇಳಿದು ನಾಲ್ಕೇ ವರ್ಷದ ಸೆರೆಯಾಯಿತು. ಜಾತಕ ಸುಳ್ಳಾಯಿತು ಅಂದುಕೊಂಡಿರಾ? ಸೆರೆಗೆ ಒಯ್ಯುವ ದಾರಿಯಲ್ಲೇ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ.

ಇಷ್ಟು ಓದಿ ಪರ್ಷಿಯಾ ಬಹಳ ದೂರ ಅನ್ನಬೇಡಿ. ಬೆಳಗ್ಗೆ ನಾಷ್ಟಾ ಮಾಡಿದಿರಾ? ಫಾರಸಿ! ದಸ್ತಿಯಿಂದ ಕೈ ಒರೆಸಿಕೊಂಡಿರಾ? ‘ದಸ್ತ್’ ಅಂದರೆ ಫಾರಸಿಯಲ್ಲಿ ಕೈ! ದವಾಖಾನಿ, ಚಾದರ, ಬಜಾರ, ಜಮೀನು ಎಲ್ಲವೂ ಅಲ್ಲಿಂದ ಬಂದ ಬೀಗರೇ. ‘ಜನಾನಾ’ದ ‘ಜನ್’ ಅಂದರೆ ಹೆಂಗಸು. ಅದು ನಮ್ಮ ‘ಜನನಿ’ಯ ದೂರದ ನಂಟಿರಬಹುದೇ ಎಂದು ಕೇಳಬೇಡಿ, ಅಷ್ಟು ಹತ್ತಿರ ಎಳೆದರೆ ಭಾಷಾಶಾಸ್ತ್ರದ ಮೇಷ್ಟ್ರು ಬೈಯುತ್ತಾರೆ!

ಮುಂದಿನ ಸಲ ಗೋಗಿ ದರ್ಗಾಕ್ಕೆ ಹೋದಾಗ ಸುಲ್ತಾನರ ಗೋರಿ ನೋಡಿ ಹಾಗೇ ಬಸ್ಸು ಹಿಡಿಯಬೇಡಿ. ಅಲ್ಲೇ ಊರಲ್ಲಿ ಕರೀ ಕಲ್ಲಿನ ಕಾಲಿ ಮಸೀದಿ ಎಲ್ಲಿದೆ ಎಂದು ಕೇಳಿ. ಅದನ್ನು ಕಟ್ಟಿಸಿದವಳು ಆದಿಲ್ ಶಾಹಿ ಮನೆತನದ ಹೆಣ್ಣುಮಗಳು, ಫಾತಿಮಾ ಸುಲ್ತಾನಾ ಎಂದು ಹೇಳುತ್ತಾರೆ. ನೋಡಿ ಬನ್ನಿ!